ಸಿಟಿ ಕೌನ್ಸಿಲ್ ಅಜೆಂಡಾದಲ್ಲಿ ನಮ್ಮ ವಿಷಯ ಬರಬೇಕಾದರೆ ಏನು ಮಾಡಬೇಕು? (ಕ್ಯಾಲಿಫೋರ್ನಿಯಾ)

ನೆಟ್ಸ್_ಬೇಕು

ಎಲ್ಲರಿಗೂ ನಮಸ್ಕಾರ. ನಾವಿರೋದು ಸಾಂಟಾ ಕ್ಲಾರಾ ಕೌಂಟಿಯ ಒಂದು ನಗರದಲ್ಲಿ. ಕೌನ್ಸಿಲ್‌ನಲ್ಲಿ ಮೇಯರ್ ಸೇರಿ 7 ಜನ, ಸಭೆ ಮಂಗಳವಾರ ಸಂಜೆ 7ಕ್ಕೆ. ಪಾರ್ಕಿನಲ್ಲಿ ಎರಡು ಕ್ರಿಕೆಟ್ ನೆಟ್ಸ್ ಹಾಕಿಸಿಕೊಡಿ ಅಂತ ಕೆಲವು ಮನೆಯವರು ಸೇರಿ ಪಬ್ಲಿಕ್ ಕಮೆಂಟ್ (ಸಭೆಯಲ್ಲಿ ಜನ ಮಾತಾಡಲು ಬಿಡುವ ಸಮಯ) ಹೊತ್ತಲ್ಲಿ ಕೇಳಿದೆವು. ಮೇಯರ್ ಥ್ಯಾಂಕ್ಸ್ ಹೇಳಿ ಮುಂದಿನವರ ಹೆಸರು ಕರೆದರು. ಮಿಕ್ಕ ಆರು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ವಿಚಾರಿಸಿದರೆ "ಅದು ಅಜೆಂಡಾದಲ್ಲಿ ಇರಲಿಲ್ಲ" ಅಂತಾರೆ.

ಸರಿ, ಅಜೆಂಡಾದಲ್ಲಿ ಇರಬೇಕಾದರೆ ಯಾರನ್ನು ಹಿಡೀಬೇಕು? ಮೇಯರ್ ಬರೀತಾರಾ, ಸಿಟಿ ಕ್ಲರ್ಕ್ ಬರೀತಾರಾ? ಎಷ್ಟು ದಿನ ಮುಂಚೆ ಕೊಡಬೇಕು? ಪಬ್ಲಿಕ್ ಕಮೆಂಟ್ ಅನ್ನೋದು ಬರೀ ಶಾಸ್ತ್ರಕ್ಕಾ? ಬಲ್ಲವರು ದಯವಿಟ್ಟು ಹೇಳಿ.

ಕ್ಲರ್ಕ್_ಕಿಟಕಿ

ಅವರು ಸುಮ್ಮನಿದ್ದದ್ದು ಉದಾಸೀನಕ್ಕಲ್ಲ, ಕಾನೂನಿಗೆ ಹೆದರಿ. ಕ್ಯಾಲಿಫೋರ್ನಿಯಾದ ಊರುಗಳಿಗೆಲ್ಲ ಬ್ರೌನ್ ಆ್ಯಕ್ಟ್ (ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿ ನಡೀಬೇಕು ಅನ್ನೋ ಕಾನೂನು) ಅನ್ವಯಿಸುತ್ತೆ. 1953ರ ಕಾಯ್ದೆ, ಗವರ್ನಮೆಂಟ್ ಕೋಡ್‌ನ 54950ನೇ ಸೆಕ್ಷನ್‌ನಿಂದ ಶುರು. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಕೌನ್ಸಿಲ್ ತೀರ್ಮಾನ ಕೊಡೋದಿರಲಿ, ಚರ್ಚೆ ಮಾಡೋದಕ್ಕೂ ಅವಕಾಶ ಇಲ್ಲ. ನೆಟ್ಸ್ ಬಗ್ಗೆ ನಾಲ್ಕು ಜನ ಅಲ್ಲೇ ಅಭಿಪ್ರಾಯ ಹೇಳಲು ಕೂತಿದ್ದರೆ ಸಿಟಿ ಅಟಾರ್ನಿ (ನಗರದ ವಕೀಲರು) ಮೈಕ್ ಎಳೆದುಕೊಳ್ಳುತ್ತಿದ್ದರು.

ಆದರೆ 54954.2ರಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಜನ ಎತ್ತಿದ ಮಾತಿಗೆ ಸದಸ್ಯರು ಚುಟುಕಾಗಿ ಉತ್ತರ ಕೊಡಬಹುದು, ಸ್ಪಷ್ಟನೆಗೆ ಒಂದು ಪ್ರಶ್ನೆ ಕೇಳಬಹುದು, ಸಿಬ್ಬಂದಿಗೆ ಒಪ್ಪಿಸಬಹುದು, ಮುಂದಿನ ಸಭೆಯೊಂದರಲ್ಲಿ ವರದಿ ಕೊಡಿ ಅನ್ನಬಹುದು, ಮುಂದಿನ ಅಜೆಂಡಾಗೆ ಹಾಕಿ ಅಂತ ಸೂಚಿಸಬಹುದು. ನಿಮಗೆ ಬೇಕಾದ್ದು ಈ ಕೊನೆಯದು. ಪಬ್ಲಿಕ್ ಕಮೆಂಟ್‌ನಲ್ಲಿ "ನೆಟ್ಸ್ ಹಾಕಿಸಿ" ಅಂತ ಕೇಳಿದರೆ ಅವರು ಮಾಡೋಕೆ ಏನೂ ಇರೋಲ್ಲ. "ಇದನ್ನು ಮುಂದಿನ ಒಂದು ಅಜೆಂಡಾಗೆ ಹಾಕುವಂತೆ ಸೂಚಿಸಿ" ಅಂತ ಕೇಳಿದರೆ ಕಾನೂನಿನೊಳಗೇ ಒಂದು ಕೆಲಸ ಕೊಟ್ಟ ಹಾಗೆ. ಮಾತಾಡುವ ಮುಂಚೆಯೇ ಒಬ್ಬ ಸದಸ್ಯರಿಗೆ ಹೇಳಿಟ್ಟಿರಿ, ಸಭೆಯ ಕೊನೆಯಲ್ಲಿ "ಫ್ಯೂಚರ್ ಅಜೆಂಡಾ ಐಟಮ್ಸ್" ಬಂದಾಗ ಅವರು ಎತ್ತಲಿ.

ಎಷ್ಟು ಸದಸ್ಯರು ಒಪ್ಪಿದರೆ ವಿಷಯ ಒಳಗೆ ಬರುತ್ತೆ ಅನ್ನೋದು ರಾಜ್ಯದ ಕಾನೂನಲ್ಲಿ ಇಲ್ಲ. ಪ್ರತಿ ನಗರವೂ ತನ್ನ ಕೌನ್ಸಿಲ್ ಪ್ರೊಸೀಜರ್ಸ್ ಕೈಪಿಡಿಯಲ್ಲಿ ಬರೆದುಕೊಂಡಿರುತ್ತೆ. ಕೆಲವು ಕಡೆ ಒಬ್ಬರು ಸಾಕು, ಕೆಲವು ಕಡೆ ಇಬ್ಬರು, ಕೆಲವು ಕಡೆ ಬಹುಮತವೇ ಬೇಕು. ನಿಮ್ಮ ಊರಿನ ಕೈಪಿಡಿ ಕ್ಲರ್ಕ್ ವೆಬ್‌ಪುಟದಲ್ಲಿ ಸಿಗಬೇಕು. ಮೊದಲು ಓದಬೇಕಾದ್ದು ಅದು.

ಯಾರು ಬರೀತಾರೆ ಅಂತ ಕೇಳಿದಿರಿ. ಕೌನ್ಸಿಲ್ ನೇಮಿಸಿದ ಮ್ಯಾನೇಜರ್ ಆಡಳಿತ ನಡೆಸುವ ಕೌನ್ಸಿಲ್-ಮ್ಯಾನೇಜರ್ ಪದ್ಧತಿಯ ಊರುಗಳಲ್ಲಿ (ನಿಮ್ಮ ಸುತ್ತಮುತ್ತ ಬಹುಪಾಲು ಅದೇ) ಕರಡು ಹುಟ್ಟೋದು ಸಿಟಿ ಮ್ಯಾನೇಜರ್ ಕಚೇರಿಯಲ್ಲಿ. ಅಲ್ಲಿ ಹಲವು ತಿಂಗಳ ಮುಂದಿನವರೆಗೆ ಯಾವ ಸಭೆಗೆ ಏನು ಅಂತ ಒಂದು ತಾತ್ಕಾಲಿಕ ಕ್ಯಾಲೆಂಡರ್ ಇಟ್ಟಿರ್ತಾರೆ. ಸಭೆಯ ಹಿಂದಿನ ವಾರವೋ ಅದಕ್ಕೂ ಮುಂಚೆಯೋ ಮ್ಯಾನೇಜರ್, ಮೇಯರ್, ಕ್ಲರ್ಕ್, ಅಟಾರ್ನಿ ಕೂತು ಅಜೆಂಡಾ ರಿವ್ಯೂ ಮಾಡ್ತಾರೆ. ಯಾವುದು ಮೊದಲು, ಯಾವುದು ಕನ್ಸೆಂಟ್‌ಗೆ (ಚರ್ಚೆಯಿಲ್ಲದೆ ಒಟ್ಟಿಗೆ ಪಾಸ್ ಮಾಡುವ ಪಟ್ಟಿ), ಯಾವುದು ಮುಂದಕ್ಕೆ ಅಂತ ಇತ್ಯರ್ಥ ಆಗೋದು ಅಲ್ಲಿ. ಸ್ಯಾನ್ ಹೋಸೆಯದು ಬೇರೆ ದಾರಿ: ಅಲ್ಲಿ ರೂಲ್ಸ್ ಆ್ಯಂಡ್ ಓಪನ್ ಗವರ್ನಮೆಂಟ್ ಅನ್ನೋ ಸಮಿತಿ ಬಹಿರಂಗ ಸಭೆಯಲ್ಲೇ ಕೌನ್ಸಿಲ್ ಅಜೆಂಡಾ ನೋಡುತ್ತೆ, ಸದಸ್ಯರು ಹೊಸ ವಿಷಯ ತರೋದೂ ಆ ಸಮಿತಿಗೆ ಮೆಮೊ ಕೊಟ್ಟು.

ಗಡುವಿನ ಲೆಕ್ಕ ಸಭೆಯ ದಿನದಿಂದ ಹಿಂದಕ್ಕೆ ಹಾಕಿ. ಸಾಮಾನ್ಯ ಸಭೆಗೆ 72 ಗಂಟೆ ಮುಂಚೆ ಅಜೆಂಡಾ ಅಂಟಿಸಿರಬೇಕು. ಮಂಗಳವಾರ ಸಂಜೆ 7ಕ್ಕೆ ಸಭೆ ಅಂದರೆ ಶನಿವಾರ ಸಂಜೆ 7, ವಾರಾಂತ್ಯವೂ ಲೆಕ್ಕಕ್ಕೆ ಸೇರುತ್ತೆ. ಶನಿವಾರ ಕಚೇರಿ ಮುಚ್ಚಿರುವುದರಿಂದ ಹೆಚ್ಚಿನವರು ಗುರುವಾರವೋ ಶುಕ್ರವಾರವೋ ಹಾಕಿಬಿಡ್ತಾರೆ, ಇನ್ನೂ ಮುಂಚೆ ಹಾಕುವ ಊರುಗಳೂ ಇವೆ. ಜಾಗ ಜನ ಯಾವ ಹೊತ್ತಿನಲ್ಲೂ ನೋಡುವಂಥದ್ದಾಗಿರಬೇಕು. ಅದಕ್ಕೇ ಸಿಟಿ ಹಾಲ್ ಹೊರಗೆ ಗಾಜಿನ ಪೆಟ್ಟಿಗೆಯ ಬೋರ್ಡ್ ಇರೋದು. ಬೀಗ ಹಾಕಿದ ಬಾಗಿಲೊಳಗಿನ ಬೋರ್ಡಿಗೆ ಅಂಟಿಸಿ ಅಷ್ಟಕ್ಕೇ ಬಿಟ್ಟರೆ ಸಾಲದು. 2019ರಿಂದ ವೆಬ್‌ಸೈಟಿನ ಮುಖಪುಟದಲ್ಲೇ ನೇರ ಲಿಂಕ್ ಇರಬೇಕು, ಮೆನುವಿನೊಳಗೆ ಮೆನು ತೆರೆದು ಹುಡುಕಿಸುವಂತಿಲ್ಲ. ಡೌನ್‌ಲೋಡ್ ಆಗಬೇಕು, ಒಳಗಿನ ಪದ ಹುಡುಕಿದರೆ ಸಿಗಬೇಕು.

ಅಂಟಿಸುವ ಹೊತ್ತಿಗೆ ಸ್ಟಾಫ್ ರಿಪೋರ್ಟ್ ಸಿದ್ಧವಿರಬೇಕಲ್ಲ? ಅದಕ್ಕೆ ಇಲಾಖೆಯವರು ಬರೆದು, ಹಣಕಾಸು ವಿಭಾಗ ಸಂಖ್ಯೆ ನೋಡಿ, ಅಟಾರ್ನಿ ಕಾನೂನು ನೋಡಿ, ಮ್ಯಾನೇಜರ್ ಸಹಿ ಹಾಕಬೇಕು. ಲೆಜಿಸ್ಟಾರ್ ತರಹದ ಸಾಫ್ಟ್‌ವೇರ್‌ನಲ್ಲಿ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುತ್ತೆ. ಹಾಗಾಗಿ ಇಲಾಖೆಯ ಕರಡಿನ ಗಡುವು ಸಭೆಗೆ ಎರಡರಿಂದ ನಾಲ್ಕು ವಾರ ಮುಂಚೆಯೇ ಇರುತ್ತೆ. ನೀವು ಹಿಂದಿನ ವಾರ ಹೋಗಿ "ಈ ಮಂಗಳವಾರ ಹಾಕಿ" ಅಂದರೆ ಯಾರ ಕೈಲೂ ಆಗೋಲ್ಲ.

ಇನ್ನೊಂದು. ಸದಸ್ಯರು ಒಪ್ಪಿ ಅಜೆಂಡಾಗೆ ಬಂದರೂ ಮೊದಲ ಸಲ ಬರೋದು ನೆಟ್ಸ್ ಬೇಕೋ ಬೇಡವೋ ಅನ್ನೋ ಪ್ರಶ್ನೆ ಅಲ್ಲ. "ಇದರ ಮೇಲೆ ಸಿಬ್ಬಂದಿಯ ಸಮಯ ಹಾಕಬಹುದೇ" ಅನ್ನೋದಷ್ಟೇ. ಅದು ಪಾಸಾದರೆ ಆಮೇಲೆ ಜಾಗ, ಖರ್ಚು, ಪರಿಸರ ವಿಮರ್ಶೆ ಎಲ್ಲ ಸೇರಿದ ಪೂರ್ತಿ ವರದಿ. ಎರಡರ ನಡುವೆ ತಿಂಗಳುಗಳು ಹೋಗೋದು ಮಾಮೂಲು. ಮೊದಲನೇ ಸಲ 'ಪಾಸ್' ಅಂದ ತಕ್ಷಣ ಸಿಹಿ ಹಂಚಿ ಮನೆಗೆ ಹೋದವರು ಎರಡನೇ ಸಲಕ್ಕೆ ಬರೋದೇ ಇಲ್ಲ. ಅಕ್ಕಪಕ್ಕದ ಮನೆಯ ಆಕ್ಷೇಪದವರು ಮಾತ್ರ ತಪ್ಪದೇ ಬರ್ತಾರೆ.

ಕಾಯ್ದೆ_ಕಟ್ಟೆ

ಮೇಲಿನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ.

ಕರ್ನಾಟಕದ ನಮ್ಮೂರ ಪುರಸಭೆ, ನಗರಸಭೆಗಳ ತಿಳಿವಳಿಕೆ ಪತ್ರ ನೋಡಿದವರಿಗೆ ಕೊನೆಯ ಸಾಲು ಬಾಯಿಪಾಠ: "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು." ಆ ಒಂದು ಸಾಲಿನಡಿ ಏನು ಬೇಕಾದರೂ ನುಗ್ಗಬಹುದು. ಇಲ್ಲಿ ಅಂಥ ಸಾಲು ಹಾಕಿ ಅದರಡಿ ಠರಾವು ಮಾಡಿದರೆ ಅದು ಊರ್ಜಿತ ಆಗೋಲ್ಲ. ಪ್ರತಿ ವಿಷಯಕ್ಕೂ ಸಂಕ್ಷಿಪ್ತ ವಿವರಣೆ ಇರಬೇಕು, 20 ಪದ ಮೀರಬೇಕಾಗಿಲ್ಲ ಅಂತ ಕಾನೂನೇ ಹೇಳುತ್ತೆ. 20 ಪದದಲ್ಲಿ ಮುಚ್ಚಿಡೋದೂ ಸುಲಭ, ಅದಕ್ಕೇ ಆ ಸಾಲುಗಳನ್ನು ಸರಿಯಾಗಿ ಓದಬೇಕು. "ಪಾರ್ಕ್ ಸುಧಾರಣೆ ಕುರಿತು ಚರ್ಚೆ" ಅಂತಷ್ಟೇ ಹಾಕಿ ಆ ರಾತ್ರಿ ನೆಟ್ಸ್ ಗುತ್ತಿಗೆ ಕೊಟ್ಟರೆ ಎದುರಿನವರು ಪ್ರಶ್ನಿಸೋದು ಖಂಡಿತ. ನಿಮ್ಮ ವಿಷಯ ಬಂದಾಗ ಪಾರ್ಕಿನ ಹೆಸರು, "ಕ್ರಿಕೆಟ್ ನೆಟ್ಸ್" ಅನ್ನೋ ಪದ, ಮಾಡಬೇಕಾದ ಕ್ರಮ ಮೂರೂ ಆ ಸಾಲಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅಂಟಿಸುವ ಮುಂಚೆಯೇ ಕ್ಲರ್ಕ್‌ಗೆ ಹೇಳಿ. ಅಂಟಿಸಿದ ಮೇಲೆ ತಿದ್ದಿದರೆ 72 ಗಂಟೆ ಹೊಸದಾಗಿ ಎಣಿಸಬೇಕಾಗಬಹುದು.

ಅಂಟಿಸಿದ ನಂತರ ಹೊಸ ವಿಷಯ ಸೇರಿಸಲು ದಾರಿಯೇ ಇಲ್ಲವೇ ಅಂದರೆ, ಇದೆ, ಬಹಳ ಕಿರಿದು. ತಕ್ಷಣ ಕ್ರಮ ಬೇಕು ಮತ್ತು ಆ ಅಗತ್ಯ ನಗರಕ್ಕೆ ತಿಳಿದದ್ದೇ ಅಜೆಂಡಾ ಹಾಕಿದ ಮೇಲೆ, ಈ ಎರಡನ್ನೂ ಹಾಜರಿರುವ ಸದಸ್ಯರ ಮೂರನೇ ಎರಡು ಭಾಗ ಒಪ್ಪಬೇಕು. ಏಳೂ ಜನ ಇದ್ದರೆ 5 ಮತ. ಒಟ್ಟು ಸದಸ್ಯರ ಮೂರನೇ ಎರಡಕ್ಕಿಂತ ಕಡಿಮೆ ಜನ ಹಾಜರಿದ್ದರೆ, ಅಂದರೆ ನಿಮ್ಮಲ್ಲಿ ನಾಲ್ಕೇ ಜನ ಇದ್ದರೆ, ನಾಲ್ವರೂ ಒಪ್ಪಬೇಕು. "ಹಾಕೋದು ಮರೆತುಹೋಯ್ತು" ಅನ್ನೋದು ಕಾರಣ ಆಗೋಲ್ಲ, ಯಾಕೆಂದರೆ ಮರೆತದ್ದು ಮೊದಲೇ ಗೊತ್ತಿತ್ತು ಅಂತಾಯ್ತು. ಎಡವೋದು ಇಲ್ಲೇ. ಅನುದಾನದ ಅರ್ಜಿಗೆ ನಾಳೆ ಕೊನೇ ದಿನ ಅಂತ ಇಲಾಖೆಯವರು ಓಡಿಬರ್ತಾರೆ, ಆ ಅರ್ಜಿಯ ಪ್ರಕಟಣೆ ತಿಂಗಳ ಹಿಂದೆಯೇ ಅವರ ಮೇಜಿನ ಮೇಲಿರುತ್ತೆ.

ಸ್ಪೆಷಲ್ ಮೀಟಿಂಗ್ ಕರೆದರೆ 24 ಗಂಟೆಯ ನೋಟಿಸ್ ಸಾಕು. ಅಧ್ಯಕ್ಷತೆ ವಹಿಸುವವರು ಅಥವಾ ಬಹುಮತದ ಸದಸ್ಯರು ಕರೆಯಬಹುದು. ಆದರೆ ನೋಟಿಸ್‌ನಲ್ಲಿ ಬರೆದದ್ದು ಬಿಟ್ಟು ಬೇರೇನೂ ಎತ್ತುವಂತಿಲ್ಲ, ಜನರೂ ಆ ವಿಷಯದ ಮೇಲೆ ಮಾತಾಡಬಹುದೇ ಹೊರತು ನೆಟ್ಸ್ ಬಗ್ಗೆ ಅಲ್ಲ.

ನೆಟ್ಸ್_ಬೇಕು

ಕ್ಲರ್ಕ್_ಕಿಟಕಿ ಮತ್ತು ಕಾಯ್ದೆ_ಕಟ್ಟೆ ಇಬ್ಬರಿಗೂ ಧನ್ಯವಾದ. ಹಾಗಾದರೆ ಏಳು ಜನರನ್ನೂ ಒಬ್ಬೊಬ್ಬರನ್ನಾಗಿ ಕಾಫಿಗೆ ಕರೆದು ಒಪ್ಪಿಸಿಬಿಟ್ಟರೆ? ನಾಲ್ಕು ಜನ ಹೂಂ ಅಂದಮೇಲೆ ಅಜೆಂಡಾಗೆ ಬರೋದು ಲೆಕ್ಕಕ್ಕಷ್ಟೇ ಅಲ್ವಾ? ನಮ್ಮ ಗುಂಪಿನಲ್ಲಿ ಒಬ್ಬರು ಒಂದು ವಾಟ್ಸಾಪ್ ಗ್ರೂಪ್ ಮಾಡಿ ಏಳು ಜನರನ್ನೂ ಸೇರಿಸೋಣ ಅಂತಿದ್ದಾರೆ.

ಕಾಯ್ದೆ_ಕಟ್ಟೆ

ಆ ವಾಟ್ಸಾಪ್ ಗ್ರೂಪ್ ಮಾತ್ರ ಬೇಡವೇ ಬೇಡ. ನಿಮಗೇನೂ ಆಗೋಲ್ಲ, ಸಿಕ್ಕಿಹಾಕಿಕೊಳ್ಳೋದು ಅವರು.

54952.2 ಪ್ರಕಾರ ಬಹುಮತದ ಸದಸ್ಯರು, ನಿಮ್ಮಲ್ಲಿ ನಾಲ್ಕು ಜನ, ಸಭೆಯ ಹೊರಗೆ ಒಂದೇ ವಿಷಯದ ಮೇಲೆ ಸರಣಿ ಮಾತುಕತೆ ನಡೆಸಿ ಚರ್ಚಿಸಿದರೆ ಅದೂ ಕಾನೂನುಬಾಹಿರ ಸಭೆಯೇ. ನೇರವಾಗಿ ಮಾತಾಡಬೇಕಂತಿಲ್ಲ. ಅ ಅವರು ಆ ಅವರಿಗೆ, ಆ ಅವರು ಇ ಅವರಿಗೆ ಹೇಳಿದರೂ ಸರಣಿ. ಒಬ್ಬ ಮಧ್ಯವರ್ತಿ ನಾಲ್ವರ ಹತ್ತಿರ ಹೋಗಿ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಮುಟ್ಟಿಸಿದರೂ ಸರಣಿ. ಆ ಮಧ್ಯವರ್ತಿ ಸಿಬ್ಬಂದಿ ಆಗಿರಬಹುದು, ಊರಿನವರೂ ಆಗಿರಬಹುದು.

ಒಬ್ಬೊಬ್ಬರನ್ನಾಗಿ ಭೇಟಿ ಮಾಡೋದು ನಿಮ್ಮ ಹಕ್ಕು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಮೂರನೆಯವರ ಹತ್ತಿರ ಕೂತು "ಮೊದಲಿನ ಇಬ್ಬರೂ ಒಪ್ಪಿದ್ದಾರೆ ಸರ್" ಅನ್ನಬೇಡಿ, ಅಷ್ಟೇ. ಅನುಭವ ಇರುವ ಸದಸ್ಯರು ಆ ಮಾತು ಬಂದ ತಕ್ಷಣ ನಿಲ್ಲಿಸ್ತಾರೆ. ಅನುಭವ ಇಲ್ಲದವರು ಕೇಳಿಸಿಕೊಂಡು, ಆಮೇಲೆ ಅಟಾರ್ನಿ ಹೇಳಿದರು ಅಂತ ಮತದಾನದಿಂದ ಹಿಂದೆ ಸರೀತಾರೆ. ಒಂದು ಮತ ಕಳೆದುಕೊಂಡದ್ದು ನೀವೇ. ಈಮೇಲ್‌ನಲ್ಲಿ ಏಳು ಜನರಿಗೂ ಒಟ್ಟಿಗೆ ಬರೆಯಬಹುದು, ಅವರು "ರಿಪ್ಲೈ ಆಲ್" ಒತ್ತುವಂತಿಲ್ಲ. ಸೋಷಿಯಲ್ ಮೀಡಿಯಾಗೂ 2021ರಿಂದ ನಿಯಮ ಬಂತು: ನಗರದ ವ್ಯಾಪ್ತಿಯ ವಿಷಯದ ಮೇಲೆ ಒಬ್ಬ ಸದಸ್ಯರ ಪೋಸ್ಟಿಗೆ ಅದೇ ಕೌನ್ಸಿಲ್‌ನ ಇನ್ನೊಬ್ಬರು ಲೈಕ್ ಕೂಡ ಒತ್ತುವ ಹಾಗಿಲ್ಲ. ಫೇಸ್‌ಬುಕ್‌ನಲ್ಲಿ ಎಲ್ಲರನ್ನೂ ಟ್ಯಾಗ್ ಮಾಡಿ "ನೀವೇನಂತೀರಿ" ಅಂತ ಕೇಳೋದನ್ನೂ ಬಿಡಿ.

ಬಜೆಟ್_ಬಾಗಿಲು

ನೀವೆಲ್ಲ ಅಜೆಂಡಾ ಹಿಂದೆ ಬಿದ್ದಿದ್ದೀರಿ. ದುಡ್ಡಿನ ಕ್ಯಾಲೆಂಡರ್ ಯಾರೂ ಹೇಳಲಿಲ್ಲ, ನೆಟ್ಸ್ ನಿಲ್ಲೋದು ಅದರ ಮೇಲೆ.

ಇಲ್ಲಿನ ನಗರಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಮೇನಲ್ಲಿ ಪ್ರಸ್ತಾವಿತ ಬಜೆಟ್ ಹೊರಬರುತ್ತೆ, ಜೂನ್‌ನಲ್ಲಿ ಅಂಗೀಕಾರ. ಆದರೆ ಮೇ ಹೊತ್ತಿಗೆ ಎಲ್ಲ ಕುದುರಿಹೋಗಿರುತ್ತೆ. ಆದ್ಯತೆಗಳು ತೀರ್ಮಾನ ಆಗೋದು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ, ಗೋಲ್ ಸೆಟಿಂಗ್ ಅನ್ನೋ ಒಂದು ವರ್ಕ್‌ಶಾಪ್‌ನಲ್ಲಿ. ಅದೂ ಬಹಿರಂಗ ಸಭೆ, ಅದಕ್ಕೂ ಅಜೆಂಡಾ ಇರುತ್ತೆ, ಜನರ ಕುರ್ಚಿ ಮಾತ್ರ ಖಾಲಿ. ಸನ್ನಿವೇಲ್‌ನಲ್ಲಿ "ಸ್ಟಡಿ ಇಷ್ಯೂಸ್" ಅಂತ ಪದ್ಧತಿಯೇ ಇದೆ: ಊರಿನವರು ಸಲಹೆ ಕೊಡಬಹುದು, ಅದನ್ನು ಸದಸ್ಯರೋ ಕಮಿಷನ್ನೋ (ಕೌನ್ಸಿಲ್‌ಗೆ ಸಲಹೆ ಕೊಡುವ ಸಮಿತಿ) ಎತ್ತಿಕೊಂಡರೆ ಪಟ್ಟಿಗೆ ಸೇರುತ್ತೆ, ಕೌನ್ಸಿಲ್ ವರ್ಷಕ್ಕೊಮ್ಮೆ ಕೂತು ಅವುಗಳಿಗೆ ಕ್ರಮಾಂಕ ಕೊಡುತ್ತೆ. ಸ್ಯಾನ್ ಹೋಸೆಯಲ್ಲಿ ಮೇಯರ್ ಅವರ ಮಾರ್ಚ್ ಬಜೆಟ್ ಸಂದೇಶವೇ ಮುಂದಿನ ಬಜೆಟ್‌ಗೆ ದಿಕ್ಕು. ಆಗಸ್ಟ್‌ನಲ್ಲಿ ಬಂದು ನೆಟ್ಸ್ ಕೇಳಿದರೆ, ಕೌನ್ಸಿಲ್ ಎಷ್ಟೇ ಒಳ್ಳೆಯವರಿದ್ದರೂ, "ಮುಂದಿನ ಬಜೆಟ್‌ನಲ್ಲಿ ಪರಿಗಣಿಸಿ" ಅನ್ನೋ ಸೂಚನೆಗಿಂತ ಹೆಚ್ಚು ಸಿಗೋಲ್ಲ.

ಪಾರ್ಕಿನ ಕೆಲಸಕ್ಕೆ ಬೇರೆ ಜೇಬೂ ಇದೆ. ಹೊಸ ವಸತಿ ಬಡಾವಣೆ ಕಟ್ಟುವವರಿಂದ ಕ್ವಿಂಬಿ ಆ್ಯಕ್ಟ್ ಪ್ರಕಾರ ಪಾರ್ಕ್ ಜಾಗ ಅಥವಾ ಅದರ ಬದಲು ಶುಲ್ಕ ತೆಗೆದುಕೊಂಡಿರ್ತಾರೆ. ಆ ನಿಧಿ ಹೊಸ ಪಾರ್ಕ್ ಅಥವಾ ಪಾರ್ಕ್ ಸುಧಾರಣೆಗೇ ಮೀಸಲು, ಸಂಬಳಕ್ಕೆ ಹಾಕುವಂತಿಲ್ಲ. ನಿಮ್ಮ ಊರಿನ ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ (ದೊಡ್ಡ ಕಾಮಗಾರಿಗಳ ಯೋಜನೆ) ಪುಸ್ತಕದಲ್ಲಿ ಆ ಪಾರ್ಕಿನ ಹೆಸರಲ್ಲಿ ಈಗಾಗಲೇ ಏನಾದರೂ ಯೋಜನೆ ಇದೆಯಾ ನೋಡಿ. ಇದ್ದರೆ ಅದಕ್ಕೇ ನೆಟ್ಸ್ ಸೇರಿಸಿ ಅನ್ನೋದು ಹೊಸದಾಗಿ ಶುರು ಮಾಡೋದಕ್ಕಿಂತ ಬಹಳ ಹಗುರ.

ನನ್ನ ಪ್ರಕಾರ ಕೌನ್ಸಿಲ್‌ಗೆ ನೇರ ಹೋಗೋದೇ ತಪ್ಪು. ಮೊದಲು ಪಾರ್ಕ್ಸ್ ಆ್ಯಂಡ್ ರಿಕ್ರಿಯೇಷನ್ ಕಮಿಷನ್‌ಗೆ ಹೋಗಿ. ಅವರಿಗೂ ಬ್ರೌನ್ ಆ್ಯಕ್ಟ್, ಅದೇ 72 ಗಂಟೆ. ಆದರೆ ಸಭೆಗೆ ಬರುವವರು ಕಡಿಮೆ, ಸಮಯ ಸಿಗುತ್ತೆ, ಪಾರ್ಕ್ ಇಲಾಖೆಯ ಅಧಿಕಾರಿ ಎದುರಿಗೇ ಕೂತಿರ್ತಾರೆ.

ಕ್ಲರ್ಕ್_ಕಿಟಕಿ

ಬಜೆಟ್ ಮಾತು ನೂರಕ್ಕೆ ನೂರು ಸರಿ. ಕಮಿಷನ್ ಮಾತು ಅರ್ಧ ಮಾತ್ರ ಒಪ್ತೀನಿ. ಬಹಳ ಊರುಗಳಲ್ಲಿ ಕಮಿಷನ್‌ನ ವರ್ಷದ ಕೆಲಸದ ಪಟ್ಟಿಯನ್ನು ಕೌನ್ಸಿಲೇ ಮಂಜೂರು ಮಾಡಿರುತ್ತೆ, ಆ ಪಟ್ಟಿಯ ಹೊರಗಿನದನ್ನು ಕಮಿಷನ್ ತಾನಾಗಿ ಎತ್ತಿಕೊಳ್ಳುವಂತಿಲ್ಲ. ಅಂಥ ಊರಲ್ಲಿ ಕಮಿಷನ್‌ಗೆ ಹೋದರೆ ಮತ್ತದೇ ಥ್ಯಾಂಕ್ ಯೂ. ಕಮಿಷನ್‌ನ ಕೆಲಸದ ಪಟ್ಟಿ ಇಳಿಸಿಕೊಂಡು ನೋಡಿ: "ಕ್ರೀಡಾ ಸೌಲಭ್ಯ", "ಫೀಲ್ಡ್ ಬಳಕೆ" ಥರದ್ದು ಇದ್ದರೆ ಅಲ್ಲಿಂದ ಶುರು ಮಾಡಿ, ಇಲ್ಲದಿದ್ದರೆ ಒಬ್ಬ ಕೌನ್ಸಿಲ್ ಸದಸ್ಯರಿಂದ "ಕಮಿಷನ್‌ಗೆ ಒಪ್ಪಿಸಿ" ಅನ್ನೋ ಸೂಚನೆ ಕೊಡಿಸಿ.

ಕಮಿಷನ್ ಏನೇ ಹೇಳಿದರೂ ಅದು ಶಿಫಾರಸು. ಅವರ ಮತ 5-0 ಆದರೂ ಕೌನ್ಸಿಲ್ ಕಟ್ಟುಬೀಳಬೇಕಾಗಿಲ್ಲ. ಆದರೆ ಸ್ಟಾಫ್ ರಿಪೋರ್ಟ್‌ನಲ್ಲಿ ಆ 5-0 ಅಚ್ಚಾಗುತ್ತೆ, ಅದಕ್ಕೆ ತೂಕ ಇದೆ.

ನೆಟ್ಸ್_ಬೇಕು

ಇದನ್ನೆಲ್ಲ ಬರೆದಿಟ್ಟುಕೊಂಡೆ. ಕೊನೆಗೆ ಎರಡು ಪ್ರಶ್ನೆ. ನಮ್ಮ ವಿಷಯ ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿ ಬಂದರೆ ಒಳ್ಳೆಯದಾ ಕೆಟ್ಟದ್ದಾ? ಇನ್ನೊಂದು, ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವ ಹಿರಿಯರು ಕೆಲವರು ಬೆಂಬಲವಾಗಿ ಮಾತಾಡ್ತೀವಿ ಅಂತಾರೆ, ಆದರೆ ಕನ್ನಡದಲ್ಲೇ ಆಗಬೇಕು. ಬಿಡ್ತಾರಾ?

ಕ್ಲರ್ಕ್_ಕಿಟಕಿ

ಹಿರಿಯರನ್ನು ಖಂಡಿತ ಕರೆದುಕೊಂಡು ಹೋಗಿ. ಮಾತಿಗೆ ಮಿತಿ ಹಾಕಿದ್ದರೆ, ಭಾಷಾಂತರಕಾರರ ನೆರವಿನಿಂದ ಮಾತಾಡುವವರಿಗೆ ಅದರ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು ಅಂತ 54954.3ರಲ್ಲಿದೆ. ಉಳಿದವರಿಗೆ 3 ನಿಮಿಷ ಇದ್ದರೆ ಅವರಿಗೆ 6. ಏಕಕಾಲಕ್ಕೆ ಕೇಳಿಸುವ ಭಾಷಾಂತರದ ಉಪಕರಣ ಇಟ್ಟಿದ್ದರೆ ಮಾತ್ರ ಈ ದುಪ್ಪಟ್ಟು ಇಲ್ಲ. ಭಾಷಾಂತರ ಮಾಡುವವರನ್ನು ನೀವೇ ಕರೆತರೋದು ಕ್ಷೇಮ, ಮತ್ತು ಕ್ಲರ್ಕ್‌ಗೆ ಮುಂಚೆಯೇ ತಿಳಿಸಿ. ಇಲ್ಲದಿದ್ದರೆ ಟೈಮರ್ ಓಡಿಸುವವರಿಗೆ ಗೊತ್ತಾಗದೇ ಮೂರಕ್ಕೇ ಕೆಂಪು ದೀಪ ಹತ್ತುತ್ತೆ. ಜನ ಜಾಸ್ತಿ ಬಂದರೆ ಅಧ್ಯಕ್ಷತೆಯಲ್ಲಿರುವವರು ಎಲ್ಲರಿಗೂ 2 ನಿಮಿಷಕ್ಕೋ 1 ನಿಮಿಷಕ್ಕೋ ಇಳಿಸಬಹುದು, ಆಗ ದುಪ್ಪಟ್ಟೂ ಅಷ್ಟಕ್ಕೇ ಇಳಿಯುತ್ತೆ. ಹಾಗಾಗಿ ಪ್ರತಿಯೊಬ್ಬರ ಮಾತಿನ ಮೊದಲ ಎರಡು ವಾಕ್ಯದಲ್ಲೇ ಬೇಡಿಕೆ ಬಂದುಬಿಡಲಿ. ಸಭೆಗೆ ಬರಲು ಹೆಸರು ಬರೆಯಲೇಬೇಕು ಅನ್ನುವ ಹಾಗಿಲ್ಲ, ಸ್ಪೀಕರ್ ಕಾರ್ಡ್ ಐಚ್ಛಿಕ. ತುಂಬಿಕೊಟ್ಟರೆ ಹೆಸರು ಸರಿಯಾಗಿ ಕರೀತಾರೆ, ಅಷ್ಟು ಲಾಭ.

ಕನ್ಸೆಂಟ್ ಅಂದರೆ ತಕರಾರಿಲ್ಲದ ವಿಷಯಗಳ ಕಟ್ಟು: ಹಿಂದಿನ ಸಭೆಯ ನಡವಳಿ, ಬಿಲ್ಲುಗಳ ಪಟ್ಟಿ, ಬಜೆಟ್‌ನಲ್ಲಿ ಮೊದಲೇ ಸೇರಿದ ಗುತ್ತಿಗೆಗಳು. ಎಲ್ಲಕ್ಕೂ ಒಂದೇ ಮೋಷನ್, ಒಂದೇ ಮತ, ಚರ್ಚೆ ಇಲ್ಲ. ನಿಮ್ಮ ಮೊದಲ ಹೆಜ್ಜೆ, ಅಂದರೆ ಸಿಬ್ಬಂದಿ ಸಮಯ ಹಾಕುವ ತೀರ್ಮಾನ, ಕನ್ಸೆಂಟ್‌ನಲ್ಲಿ ಬರೋದು ಅಪರೂಪ. ಕೊನೆಯ ಹೆಜ್ಜೆ, ಬಿಡ್ ಕರೆದು ಗುತ್ತಿಗೆ ಕೊಡೋದು, ಬಹುತೇಕ ಅಲ್ಲೇ ಬರುತ್ತೆ. ಆಗ ಹಿಗ್ಗಿ. ಆದರೆ ಯಾವ ಸದಸ್ಯರಾದರೂ ಅದನ್ನು ಹೊರಕ್ಕೆ ಎಳೆದು ಪ್ರತ್ಯೇಕ ಚರ್ಚೆಗೆ ಹಾಕಬಹುದು. ಜನರ ಕೋರಿಕೆಯ ಮೇಲೂ ಎಳೆಯುವ ಊರುಗಳಿವೆ. ಹೊರಗೆ ಬಂದದ್ದನ್ನು ಕೆಲವು ಕಡೆ ತಕ್ಷಣ ಎತ್ತಿಕೊಳ್ತಾರೆ, ಕೆಲವು ಕಡೆ ಸಭೆಯ ಕೊನೆಗೆ ದೂಡ್ತಾರೆ. ಕೊನೆಗೆ ದೂಡುವ ಊರಲ್ಲಿ ನಿಮ್ಮವರು 8 ಗಂಟೆಗೆಲ್ಲ ಎದ್ದುಹೋಗಿರ್ತಾರೆ. ರಾತ್ರಿ ಇಂತಿಷ್ಟು ಗಂಟೆಯ ನಂತರ ಹೊಸ ವಿಷಯ ಎತ್ತಬಾರದು ಅನ್ನೋ ನಿಯಮವೂ ಹಲವು ಕೈಪಿಡಿಗಳಲ್ಲಿದೆ, ಅದನ್ನೂ ನೋಡಿಟ್ಟುಕೊಳ್ಳಿ.

ಮುಂದೂಡುವಾಗ ಒಂದು ಸೂಕ್ಷ್ಮ. "ಇಂಥ ತಾರೀಕಿಗೆ" ಅಂತ ಹೇಳಿ ಮುಂದೂಡಿಸಿ, ಸುಮ್ಮನೆ "ಮುಂದೆ ನೋಡೋಣ" ಅನ್ನೋದಕ್ಕೆ ಬಿಡಬೇಡಿ. ತಾರೀಕು ಇಲ್ಲದೆ ಹೋದ ವಿಷಯ ಮತ್ತೆ ಮ್ಯಾನೇಜರ್ ಕ್ಯಾಲೆಂಡರಿನ ಕ್ಯೂಗೆ ಹೋಗುತ್ತೆ. ಮುಂದೂಡಿದ ಸಭೆ 5 ದಿನದೊಳಗೆ ಇದ್ದರೆ ಹೊಸ ಅಜೆಂಡಾದಲ್ಲಿ ಮತ್ತೆ ಹಾಕದೇ ನಡೆಸಬಹುದು, ಅದಕ್ಕಿಂತ ದೂರ ಇದ್ದರೆ ಮತ್ತೆ ಅಂಟಿಸಲೇಬೇಕು.

ಕಾಯ್ದೆ_ಕಟ್ಟೆ

ಮತದ ಲೆಕ್ಕ ಒಂದು ಬಿಟ್ಟುಹೋಗಿದೆ. ನಿಮ್ಮದು ಸ್ವಂತ ಚಾರ್ಟರ್ (ನಗರದ ಸಂವಿಧಾನದಂಥ ದಾಖಲೆ) ಇಲ್ಲದ, ರಾಜ್ಯದ ಸಾಮಾನ್ಯ ಕಾನೂನಿನಂತೆ ನಡೆಯುವ ಜನರಲ್ ಲಾ ನಗರ ಆಗಿದ್ದರೆ (ಫ್ರೀಮಾಂಟ್, ಕುಪರ್ಟಿನೋ ಈ ಬಗೆ, ಸನ್ನಿವೇಲ್, ಸ್ಯಾನ್ ಹೋಸೆಗೆ ಚಾರ್ಟರ್ ಇದೆ), ಠರಾವಿಗೂ ಹಣ ಪಾವತಿಯ ಆದೇಶಕ್ಕೂ ಒಟ್ಟು ಸದಸ್ಯರ ಬಹುಮತ ಬೇಕು, ಹಾಜರಿದ್ದವರ ಬಹುಮತ ಅಲ್ಲ. ಏಳರ ಕೌನ್ಸಿಲ್‌ನಲ್ಲಿ ಐದೇ ಜನ ಬಂದ ರಾತ್ರಿ 3-2ರಿಂದ ಗೆದ್ದರೂ ಗೆದ್ದ ಹಾಗಲ್ಲ. ಇಬ್ಬರು ಗೈರು ಅಂತ ಗೊತ್ತಾದರೆ, ನಿಮ್ಮ ಪರ ಇರುವ ಸದಸ್ಯರಿಂದಲೇ ಮುಂದೂಡಲು ಕೇಳಿಸಿ. ಯಾರು ಯಾವ ಕಡೆ ಮತ ಹಾಕಿದರು ಅನ್ನೋದನ್ನು ಹೆಸರು ಸಮೇತ ಬಹಿರಂಗವಾಗಿ ಹೇಳಬೇಕು, ಗುಟ್ಟಿನ ಮತ ಇಲ್ಲ.

ನೆಟ್ಸ್‌ಗಾಗಿ ಪಾರ್ಕ್ ನಿಯಮವನ್ನೇ ತಿದ್ದಬೇಕಾಗಿ ಬಂದರೆ (ಕೆಲವು ಊರಲ್ಲಿ ಗಟ್ಟಿ ಚೆಂಡಿನ ಆಟಕ್ಕೆ ನಿಷೇಧವೇ ಇರುತ್ತೆ) ಅದು ಆರ್ಡಿನೆನ್ಸ್ (ಇಲ್ಲಿ ನಗರದ ಕಾನೂನು ಅಂತ ಅರ್ಥ), ಒಂದೇ ರಾತ್ರಿಯಲ್ಲಿ ಮುಗಿಯೋಲ್ಲ. ಒಂದು ಸಭೆಯಲ್ಲಿ ಮಂಡನೆ, ಕನಿಷ್ಠ 5 ದಿನ ಬಿಟ್ಟು ಇನ್ನೊಂದು ಸಭೆಯಲ್ಲಿ ಅಂಗೀಕಾರ, ಅಲ್ಲಿಂದ 30 ದಿನಕ್ಕೆ ಜಾರಿ. ಎರಡನೇ ಸಭೆಯಲ್ಲಿ "ಬೆಳಿಗ್ಗೆ 8ರ ಬದಲು 9" ಅಂತ ಯಾರಾದರೂ ಒಳಗಿನ ವಿಷಯ ತಿದ್ದಿದರೆ ಮತ್ತೆ ಮಂಡನೆಯಿಂದ ಶುರು. ಪಕ್ಕದ ಮನೆಯವರ ಜೊತೆ ಸಮಯದ ಹೊಂದಾಣಿಕೆ ಏನಿದ್ದರೂ ಮೊದಲ ಸಭೆಗೆ ಮುಂಚೆಯೇ ಮುಗಿಸಿಕೊಳ್ಳಿ.

ಇನ್ನು ಎದುರಿನವರು ಕೈಗೆತ್ತಿಕೊಳ್ಳಬಹುದಾದ ಅಸ್ತ್ರವೂ ಗೊತ್ತಿರಲಿ. ಅಜೆಂಡಾದಲ್ಲಿ ಸರಿಯಾಗಿ ಹಾಕದೇ ಬಹಿರಂಗ ಸಭೆಯಲ್ಲಿ ತೀರ್ಮಾನ ಮಾಡಿದರೆ 30 ದಿನದೊಳಗೆ ಯಾರು ಬೇಕಾದರೂ "ಸರಿಪಡಿಸಿ" ಅಂತ ಲಿಖಿತ ನೋಟಿಸ್ ಕೊಡಬಹುದು. ಕೌನ್ಸಿಲ್‌ಗೆ 30 ದಿನ ಅವಕಾಶ. ಸರಿಪಡಿಸದಿದ್ದರೆ ಆಮೇಲಿನ 15 ದಿನದಲ್ಲಿ ಕೋರ್ಟಿಗೆ. ಸಾಮಾನ್ಯವಾಗಿ ನಗರಗಳು ಜಗಳಕ್ಕೆ ಹೋಗದೆ, ಸರಿಯಾಗಿ ಅಂಟಿಸಿ ಮತ್ತೊಮ್ಮೆ ಮತ ಹಾಕ್ತವೆ. ಗೆದ್ದ ನೀವು ಮತ್ತೊಮ್ಮೆ ಜನ ಕೂಡಿಸಬೇಕು. ಅದಕ್ಕೇ ಆ 20 ಪದಗಳ ಸಾಲು ಸರಿಯಾಗಿದೆಯಾ ಅಂತ ನೋಡೋದು ನಿಮಗೂ ಬೇಕಾದ ಕೆಲಸ.

ಬಜೆಟ್_ಬಾಗಿಲು

ಪತ್ರ ಬರೆಯುವವರಿಗೆ: ವಿಷಯ ಅಜೆಂಡಾಗೆ ಬಂದಮೇಲೆ ಈಮೇಲ್‌ನ ಸಬ್ಜೆಕ್ಟ್‌ನಲ್ಲಿ ಸಭೆಯ ತಾರೀಕು ಮತ್ತು ಐಟಂ ನಂಬರ್ ಹಾಕಿ. ನಂಬರ್ ಇಲ್ಲದ್ದು ಎಲ್ಲೋ ಸಾಮಾನ್ಯ ಟಪಾಲಿಗೆ ಸೇರಿಹೋಗುತ್ತೆ. ಪ್ಯಾಕೆಟ್ (ಸದಸ್ಯರಿಗೆ ಕಳಿಸುವ ಅಜೆಂಡಾ, ವರದಿಗಳ ಕಟ್ಟು) ಹೊರಡುವ ಮುಂಚೆ ತಲುಪಿದರೆ ಅದು ವರದಿಯ ಜೊತೆ ಹೋಗುತ್ತೆ, ಸದಸ್ಯರು ವಾರಾಂತ್ಯದಲ್ಲಿ ಓದ್ತಾರೆ. ಆಮೇಲೆ ಬಂದದ್ದನ್ನೂ ಸದಸ್ಯರಿಗೆ ಹಂಚಿದರೆ ಅದೇ ಹೊತ್ತಿಗೆ ಜನರ ನೋಟಕ್ಕೂ ಇಡಬೇಕು ಅನ್ನೋದು ನಿಜ, ಆದರೆ ಮಂಗಳವಾರ ಮಧ್ಯಾಹ್ನ ಕಳಿಸಿದ್ದನ್ನು ಸಭೆಗೆ ಮುಂಚೆ ಓದುವವರು ಕಡಿಮೆ. ಒಂದೇ ಒಕ್ಕಣೆಯ ಐವತ್ತು ಪತ್ರಕ್ಕಿಂತ ಪಾರ್ಕಿನ ಯಾವ ಮೂಲೆ, ಎಷ್ಟು ಜಾಗ, ಅಲ್ಲಿ ಈಗ ಯಾವ ಹೊತ್ತಿನಲ್ಲಿ ಯಾವ ಆಟ ನಡೆಯುತ್ತೆ, ಮನೆಗಳ ಬೇಲಿಯಿಂದ ಎಷ್ಟು ಅಡಿ ದೂರ ಅಂತ ನಕ್ಷೆ ಹಾಕಿದ ಒಂದು ಪತ್ರ ಮೇಲು. ಸ್ಟಾಫ್ ರಿಪೋರ್ಟ್ ಬರೆಯುವವರು ಅದನ್ನೇ ಎತ್ತಿಕೊಂಡು ಬರೀತಾರೆ.

ನೆಟ್ಸ್_ಬೇಕು

ಕೈಪಿಡಿ ಸಿಕ್ಕಿತು. ನಮ್ಮಲ್ಲಿ ಇಬ್ಬರು ಸದಸ್ಯರು ಬೇಕಂತೆ. ಕಮಿಷನ್ ಕೆಲಸದ ಪಟ್ಟಿಯಲ್ಲಿ "ಫೀಲ್ಡ್ ಬಳಕೆ ನೀತಿ ಪರಿಷ್ಕರಣೆ" ಅಂತಲೂ ಇದೆ. ವಾಟ್ಸಾಪ್ ಗ್ರೂಪ್ ಕೈಬಿಟ್ಟೆವು. ನಕ್ಷೆಗೆ ಈ ವಾರಾಂತ್ಯ ಟೇಪು ಹಿಡಿದು ಹೋಗ್ತಿದ್ದೀವಿ.